ಮಂಜಿನಲ್ಲಿ ನಿಂತ ಇಬ್ಬರು ಚೈನ್‌ಮನ್‌ಗಳು

ಜನವರಿ ಹದಿಮೂರನೇ ತಾರೀಕು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಉರಿಗಾಂನ ತನ್ನ ಲೈನ್ ಮನೆಯ ಮುಂದೆ ಚಲಪತಿ ಬಗ್ಗಿ ನಿಂತು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಪಂಪು ಒತ್ತುವಾಗ ಎಣಿಸುವುದು ಅವನ ಅಭ್ಯಾಸ. ಹಿಂದಿನ ಚಕ್ರಕ್ಕೆ ಮೂವತ್ತೆರಡು, ಮುಂದಿನದಕ್ಕೆ ಇಪ್ಪತ್ತಾರು. ಮಂಜು ದಟ್ಟವಾಗಿತ್ತು. ಎದುರು ಸಾಲಿನ ಮನೆಗಳೇ ಕಾಣುತ್ತಿರಲಿಲ್ಲ; ಅವುಗಳ ಹಿಂದೆ ಚಿನ್ನದ ಗಣಿಯ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬ ಇನ್ನೂ ಅಲ್ಲೇ ಇದೆ ಎಂದು ನಂಬಿಕೊಳ್ಳಬೇಕಿತ್ತು.

"ಎನ್ನಂಗ, ಈ ಮಂಜಲ್ಲಿ ಓಗ್ಲೇಬೇಕಾ?" ಎಂದಳು ಹೆಂಡತಿ ಸೆಲ್ವಿ, ಬಾಗಿಲಲ್ಲಿ ಸೆರಗು ಹೊದ್ದು ನಿಂತು. "ಅರವತ್ಮೂರು ವಯಸ್ಸು ನಿಮ್ಗೆ."

"ಅರವತ್ತೆರಡೂವರೆ."

"ಆಮಾ, ಆ ಅರ್ಧ ವರ್ಷಾನೇ ನಿಮ್ಮನ್ನ ಲಾರಿಯಿಂದ ಕಾಪಾಡೋದು."

ಚಲಪತಿ ನಕ್ಕು ಒಳಗೆ ಹೋದ. ಮಂಚದ ಕೆಳಗಿನ ಟ್ರಂಕಿನಿಂದ ಅಂಗೈ ಅಗಲದ ದುಂಡನೆಯ ಚರ್ಮದ ಡಬ್ಬಿಯೊಂದನ್ನು ತೆಗೆದು, ಧೂಳು ಒರೆಸಿ, ಚೀಲಕ್ಕೆ ಹಾಕಿಕೊಂಡ. ಒಳಗೆ ನೂರು ಅಡಿಯ ಅಳತೆ ಟೇಪು ಸುತ್ತಿಕೊಂಡಿತ್ತು.

"ಅದ್ಯಾಕೆ? ಅನಸೂಯಕ್ಕ ಬಟ್ಟೆ ಒಣಗಾಕಕ್ಕೆ ಕೇಳಿದ್ರಾ?"

"ಇಲ್ಲ. ಇವತ್ತು ಕದಿರಣ್ಣನತ್ರ ಅಳತೆ ಮಾಡ್ಸ್ತೀನಿ."

ಸೆಲ್ವಿಯ ಮುಖದ ನಗು ಮಾಯವಾಯಿತು. ಮಫ್ಲರ್ ತಂದು ಅವನ ಕತ್ತಿಗೆ ತಾನೇ ಸುತ್ತಿದಳು. "ನಿಧಾನವಾಗಿ ಓಗಿ," ಎಂದಳು.

ಗಣಿಯ ಹಳೆಯ ಜೊತೆಗಾರ ಕದಿರಪ್ಪ ಮತ್ತು ಅವನ ಹೆಂಡತಿ ಅನಸೂಯಮ್ಮನ ಮನೆ ಬಂಗಾರಪೇಟೆ ದಾಟಿ, ಬೂದಿಕೋಟೆ ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋದರೆ ಸಿಗುವ ಹಳ್ಳಿಯಲ್ಲಿ. ಉರಿಗಾಂನಿಂದ ಒಟ್ಟು ಹದಿನೈದು ಕಿಲೋಮೀಟರ್ ಆರುನೂರು ಮೀಟರ್. ಇದು ಕದಿರಪ್ಪನೇ ಒಮ್ಮೆ ಚಕ್ರದ ಸುತ್ತು ಎಣಿಸಿ ಕಂಡುಹಿಡಿದ ದೂರ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವನು ಈ ದೂರವನ್ನು ದಿನಕ್ಕೆ ಎರಡು ಸಲ ಸೈಕಲ್ ತುಳಿಯುತ್ತಿದ್ದ. ಹಸು ಕರೆದು, ಹಾಲಿನ ಕ್ಯಾನು ಡೈರಿಗೆ ಹಾಕಿ, ಶಿಫ್ಟಿಗೆ ಬರುತ್ತಿದ್ದ. ಈಗ ಐದು ತಿಂಗಳಿಂದ ಅದೇ ದಾರಿಯನ್ನು ವಾರಕ್ಕೆ ಮೂರು ಸಲ ತುಳಿಯುವವನು ಚಲಪತಿ.

ಆಗಸ್ಟ್ ಎರಡನೇ ತಾರೀಕು ಬೆಳಿಗ್ಗೆ ಹಸುವಿನ ಕೊಟ್ಟಿಗೆಯಲ್ಲಿ ಕದಿರಪ್ಪ ಕುಸಿದು ಬಿದ್ದಿದ್ದ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಕಾಲು ಆಮೇಲೆ ಅಷ್ಟಿಷ್ಟು ಸರಿಹೋಯಿತು. ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಒಂದೇ ಒಂದು ಮಾತು ಉಳಿಯಿತು: "ಆಯ್ತು." ಕಾಪಿ ಬೇಕಾ ಎಂದರೂ ಆಯ್ತು, ಬೇಡ್ವಾ ಎಂದರೂ ಆಯ್ತು. ಕಾಲು ನೋಯ್ತಿದೆಯಾ ಎಂದರೂ ಅದೇ. ಕಣ್ಣು ಮಾತ್ರ ಎಲ್ಲವನ್ನೂ ತಿಳಿದುಕೊಳ್ಳುತ್ತಿತ್ತು. ಬಾಯಿಗೆ ತಪ್ಪು ಮಾತು ಬಂತೆಂಬುದು ಕಣ್ಣಿಗೆ ಗೊತ್ತಾಗಿ, ಅದು ಬೇರೆ ಕಡೆ ತಿರುಗಿಬಿಡುತ್ತಿತ್ತು.

ಕೋಲಾರದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಯುವತಿಯೊಬ್ಬಳು ಚಲಪತಿಗೆ ಬಿಡಿಸಿ ಹೇಳಿದ್ದಳು: "ಬರೋ ಮಾತು ಬಹಳಮಟ್ಟಿಗೆ ಮೊದಲ ಆರು ತಿಂಗಳಲ್ಲಿ ಬರುತ್ತೆ ಅಂಕಲ್. ಆಮೇಲೆ ಬರೋಲ್ಲ ಅಂತಲ್ಲ, ತುಂಬ ನಿಧಾನ ಆಗುತ್ತೆ. ಮಾತಾಡೋಕೆ ಆಗದವರಿಗೂ ಕೆಲವು ಸಲ ರೂಢಿಯಾಗಿರೋದು ಬಾಯಿಗೆ ಬಂದುಬಿಡುತ್ತೆ. ಹಾಡು, ಮಂತ್ರ, ಒಂದು ಎರಡು ಎಣಿಸೋದು, ಹೀಗೆ."

ಕದಿರಪ್ಪ ಜನ್ಮದಲ್ಲಿ ಹಾಡಿದವನಲ್ಲ. ಮಂತ್ರವೂ ಬರುತ್ತಿರಲಿಲ್ಲ. ಆದರೆ ಅಂಕಿ ಬರುತ್ತಿತ್ತು. ಅಂಕಿ ಅವನಷ್ಟು ಚೆನ್ನಾಗಿ ಬರುತ್ತಿದ್ದವರನ್ನು ಚಲಪತಿ ನೋಡಿರಲಿಲ್ಲ.

ಆರು ತಿಂಗಳು ಮುಗಿಯುವುದು ಫೆಬ್ರವರಿ ಎರಡಕ್ಕೆ. ಇನ್ನು ಇಪ್ಪತ್ತು ದಿನ.

ಚಲಪತಿ ಪೆಡಲು ತುಳಿದ. ಎಡಗಡೆ ಮಂಜಿನೊಳಗೆ ಎಲ್ಲೋ ರೈಲು ಕೂಗಿತು, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ರೈಲು. ರೈಲು ಕಾಣಲಿಲ್ಲ, ಕಿಟಕಿಯ ದೀಪಗಳ ಸಾಲು ಮಾತ್ರ ಹಳದಿಯಾಗಿ ಸರಿದುಹೋಯಿತು. ಮಂಜಿನಲ್ಲಿ ಸೈಕಲ್ ತುಳಿಯುವಾಗ ಚಲಪತಿಗೆ ಪ್ರತಿ ಸಲವೂ ಒಂದೇ ನೆನಪು ಬರುತ್ತಿತ್ತು.

*

1983ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಚಲಪತಿ ಗಣಿಯ ಸರ್ವೆ ವಿಭಾಗಕ್ಕೆ ಸೇರಿದ. ನೆಲದ ಕೆಳಗೆ ಸುರಂಗಗಳನ್ನು ಅಳೆಯುವ ಕೆಲಸ. ಟೇಪಿನ ಎರಡು ತುದಿ ಹಿಡಿಯುವ ಇಬ್ಬರಿಗೆ ಚೈನ್‌ಮನ್ ಎಂದು ಹೆಸರು. ಬಹಳ ಹಿಂದೆ ಟೇಪಿನ ಬದಲು ಕಬ್ಬಿಣದ ಸರಪಳಿ ಇತ್ತಂತೆ, ಸರಪಳಿ ಹೋದರೂ ಹೆಸರು ಉಳಿದಿತ್ತು. ಅವನಿಗೆ ಜೋಡಿಯಾಗಿ ಸಿಕ್ಕವನು ಐದು ವರ್ಷ ದೊಡ್ಡವನಾದ ಕದಿರಪ್ಪ. ಸೊನ್ನೆಯ ತುದಿ ಕದಿರಪ್ಪನ ಕೈಯಲ್ಲಿ, ಅಂಕಿಯ ತುದಿ ಚಲಪತಿಯ ಕೈಯಲ್ಲಿ.

ಮೊದಲ ದಿನವೇ ಕದಿರಪ್ಪ ಅವನಿಗೆ ಕಲಿಸಿದ್ದು ಒಂದು ನಿಯಮ. ಅಂಕಿ ಓದಿದವನು ಗಟ್ಟಿಯಾಗಿ ಕೂಗಬೇಕು. ಸೊನ್ನೆ ಹಿಡಿದವನು ಅದೇ ಅಂಕಿಯನ್ನು ತಿರುಗಿ ಕೂಗಬೇಕು. ಒಂದೇ ಅಂಕಿ ಎರಡು ಗಂಟಲಿನಿಂದ ಬಂದ ಮೇಲೆಯೇ ಸರ್ವೇಯರ್ ಅದನ್ನು ಪುಸ್ತಕದಲ್ಲಿ ಬರೆಯುವುದು.

"ಉತ್ರ ಬರ್ಲಿಲ್ಲ ಅಂದ್ರೆ?" ಎಂದು ಚಲಪತಿ ಕೇಳಿದ್ದ.

"ನಿಂತ್ಕಂಡಿರು. ಟೇಪು ಬಿಡ್ಬ್ಯಾಡ, ಎಜ್ಜೆ ಎತ್ಬ್ಯಾಡ. ಇದೇ ಅಂದಿರ್ತಾನೆ ಅಂತ ನೀನೇ ಉತ್ರ ಏಳ್ಕಬ್ಯಾಡ."

"ಎಷ್ಟೊತ್ತು?"

"ಬರಾಗಂಟ ಕಣ್ಲಾ. ಇಲ್ಲಿ ಒಂದೆಜ್ಜೆ ಇಂದಕ್ಕಿಟ್ರೆ ನೂರಡಿ ಗುಂಡಿ ಇರ್ತೈತೆ. ಆಮೇಲೆ ನಿನ್ನ ಅಳತೆ ಮಾಡಾಕೆ ಬ್ಯಾರೆ ಟೇಪು ತರ್ಬೇಕು."

ಹದಿನೆಂಟು ವರ್ಷ ಹೀಗೆ ನಡೆಯಿತು. ತಲೆದೀಪದ ಬೆಳಕಿನಾಚೆಯ ಕತ್ತಲಲ್ಲಿ ಒಬ್ಬನ ಮುಖ ಇನ್ನೊಬ್ಬನಿಗೆ ಕಾಣುತ್ತಿರಲಿಲ್ಲ. ಟೇಪಿನ ಬಿಗಿ ಮತ್ತು ಒಂದು ದನಿ, ಇಷ್ಟೇ. ಚಲಪತಿಯಲ್ಲಿ ಒಂದು ದೋಷವಿತ್ತು: ದುಂಡು ಸಂಖ್ಯೆಯ ಆಸೆ. ತೊಂಬತ್ತೆಂಟೂವರೆ ಎಂದು ಓದಿದ್ದನ್ನು ಊಟದ ಹೊತ್ತಿಗೆ ನೂರು ಎನ್ನುತ್ತಿದ್ದ. ಕದಿರಪ್ಪ ಬುತ್ತಿಯಿಂದ ತಲೆ ಎತ್ತದೆ "ತೊಂಬತ್ತೆಂಟೂವರೆ" ಎನ್ನುತ್ತಿದ್ದ.

2001ರ ಜನವರಿಯ ಹೊತ್ತಿಗೆ ಗಣಿ ಮುಚ್ಚುವುದು ಖಚಿತವಾಗಿತ್ತು. ಇಬ್ಬರಿಗೂ ಹನ್ನೊಂದು ಹನ್ನೊಂದು ದಿನ ರಜೆ ಬಾಕಿ ಇತ್ತು. ಮುಚ್ಚಿದ ಗಣಿಯಲ್ಲಿ ರಜೆ ಯಾರಿಗೆ ಬೇಕು? ಒಂದು ಸಂಜೆ ಸರ್ವೆ ಆಫೀಸಿನಲ್ಲಿ ಕದಿರಪ್ಪ ಗೋಡೆಯ ಮೇಲೆ ಗಣಿಯನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ನಕ್ಷೆಯ ಮುಂದೆ ನಿಂತ. ನಕ್ಷೆಯ ಮೇಲಂಚಿನಲ್ಲಿ ನೆಲ. ಅಲ್ಲಿಂದ ಸುಮಾರು ಎರಡು ಸಾವಿರದ ಎಂಟುನೂರು ಅಡಿ ಕೆಳಗೆ ಅಡ್ಡಲಾಗಿ ಒಂದು ನೀಲಿ ಗೆರೆ: ಸಮುದ್ರ ಮಟ್ಟ. ಅವರು ವರ್ಷಗಟ್ಟಲೆ ಕೆಲಸ ಮಾಡಿದ ಎಂಟು ಸಾವಿರ ಅಡಿಯ ಹಂತ ಆ ಗೆರೆಗಿಂತ ಎಷ್ಟೋ ಕೆಳಗಿತ್ತು.

"ಐದ್ಸಾವ್ರದ ಇನ್ನೂರಡಿ," ಎಂದ ಕದಿರಪ್ಪ. "ಸಮುದ್ರುಕ್ಕಿಂತ ಅಷ್ಟು ಕೆಳ್ಗೆ ಕುಂತು ಮುದ್ದೆ ತಿಂದಿದೀವಿ. ಸಮುದ್ರ ಮಾತ್ರ ಕಂಡಿಲ್ಲ. ಎಲ್ಲಾ ಲೆಕ್ಕಾನೂ ಅಲ್ಲಿಂದ್ಲೇ ಆಕಿರೋದು. ಒಂದ್ಸಲ ಆ ಸೊನ್ನೆ ಎಲ್ಲೈತೆ ಅಂತ ನೋಡ್ಬೇಡ್ವೇನ್ಲಾ?"

"ಬಸ್ಸಲ್ಲಾ?"

"ಬಸ್ಸಲ್ಲಿ ಓದ್ರೆ ಎಷ್ಟು ದೂರ ಅಂತ ಎಂಗೆ ಗೊತ್ತಾಗ್ತದೆ?"

ಹೀಗೆ ಎರಡು ಸೈಕಲ್ ಹೊರಟವು. ಕ್ಯಾರಿಯರಿಗೆ ರಾಗಿಹಿಟ್ಟಿನ ಚೀಲ, ಪಂಪ್ ಸ್ಟವ್, ಒಂದು ಪಾತ್ರೆ, ಎರಡು ಕಂಬಳಿ. ಡೇರೆಗೆ ಗಣಿಯ ಸುರಂಗಗಳಲ್ಲಿ ಗಾಳಿ ತಿರುಗಿಸಲು ಕಟ್ಟುವ ದಪ್ಪ ಬಟ್ಟೆಯ ಹಳೆಯ ತುಂಡು. ಬಟ್ಟೆ ಒಣಗಿಸಲು ಹಗ್ಗ ಬೇಕೆಂದಾಗ ಕದಿರಪ್ಪ ತಂದದ್ದು ಆಫೀಸಿನವರು ಬಳಕೆಗೆ ಬಾರದ್ದೆಂದು ಬಿಸಾಡಿದ್ದ ನೂರಡಿ ಟೇಪು. ಅದರ ಮೇಲೆ ಚಡ್ಡಿ ಒಣಗಿಸುವಾಗಲೂ ಅವನು, "ಅರವತ್ತೆರಡನೇ ಅಡಿ ಮೇಲೆ ನಂದು, ಎಪ್ಪತ್ರ ಮೇಲೆ ನಿಂದು, ಬದ್ಲಾಯಿಸ್ಕಬ್ಯಾಡ," ಎನ್ನುತ್ತಿದ್ದ.

ವೆಂಕಟಗಿರಿಕೋಟ, ಪಲಮನೇರು, ಚಿತ್ತೂರು, ಕಾಳಹಸ್ತಿ, ನಾಯುಡುಪೇಟೆ. ಘಾಟಿ ಇಳಿಯುವಾಗ ಬ್ರೇಕಿನ ರಬ್ಬರು ಸವೆದು ವಾಸನೆ ಬಂತು. ಐದನೇ ದಿನ ಸಂಜೆ ನೆಲ್ಲೂರು ಸೀಮೆಯ ಒಂದು ಸಣ್ಣ ಮೀನುಗಾರರ ಊರಿನಾಚೆ, ಗಾಳಿಮರಗಳ ತೋಪು ಮುಗಿದಲ್ಲಿ, ಸಮುದ್ರ ಇತ್ತು.

ಕದಿರಪ್ಪ ಸೈಕಲ್ ನಿಲ್ಲಿಸಿ ತುಂಬ ಹೊತ್ತು ನೋಡಿದ. ಅಲೆ ಬಂತು, ಹೋಯಿತು, ಮತ್ತೆ ಬಂದು ಅವನ ಚಪ್ಪಲಿ ನೆನೆಸಿತು.

"ಇದೇನ್ಲಾ ಇದು," ಎಂದ. "ಸೊನ್ನೆ ಒಂದು ಕಡೆ ನಿಲ್ತಾನೇ ಇಲ್ಲ!"

ಚಲಪತಿ ಮರಳಿನ ಮೇಲೆ ಬಿದ್ದು ನಕ್ಕ. ಕದಿರಪ್ಪನಿಗೆ ನಗು ಬರಲಿಲ್ಲ. ಅವನಿಗೆ ನಿಜಕ್ಕೂ ಬೇಸರವಾಗಿತ್ತು. ಕತ್ತಲಾಗುವ ತನಕ ಒಂದು ಕಡ್ಡಿ ನೆಟ್ಟು, ನೀರು ಎಲ್ಲಿಗೆ ಬಂದು ಎಲ್ಲಿಗೆ ಹೋಗುತ್ತದೆಂದು ಗುರುತು ಹಾಕುತ್ತ ಕೂತಿದ್ದ. ಆಮೇಲೆ ನಡುವಿನದೊಂದು ಗುರುತನ್ನು ತಾನೇ ಸೊನ್ನೆಯೆಂದು ತೀರ್ಮಾನಿಸಿ, ಸಮಾಧಾನವಾಗಿ ಮುದ್ದೆ ತಿರುವಲು ಎದ್ದ.

ಅಲ್ಲಿಂದ ಮೂರು ದಿನ ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಹೋದರು. ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿಯಾಗಿರುತ್ತಿತ್ತು, ಸೈಕಲ್ಲಿನ ಚಕ್ರ ಅರ್ಧ ಅಂಗುಲವಷ್ಟೇ ಇಳಿಯುತ್ತಿತ್ತು. ಸಂಜೆ ಗಾಳಿಮರಗಳ ನಡುವೆ ಬಟ್ಟೆ ಕಟ್ಟಿ ಮಲಗುತ್ತಿದ್ದರು. ಮರದ ಎಲೆಗಳು ಸಮುದ್ರದ್ದೇ ಸದ್ದನ್ನು ಸಣ್ಣದಾಗಿ ಮಾಡುತ್ತಿದ್ದವು. ಮೀನುಗಾರರ ಹೆಂಗಸರು ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, ನಕ್ಕು, ಅದಕ್ಕೆ ಮೀನಿನ ಪುಲುಸು, ಅಂದರೆ ಹುಳಿಸಾರು, ಕೊಡುತ್ತಿದ್ದರು. ಬೆಳಿಗ್ಗೆ ಏಳುವಾಗ ಕಂಬಳಿ ಒದ್ದೆ, ಹ್ಯಾಂಡಲ್ ಒದ್ದೆ, ಲೋಕವೆಲ್ಲ ಬಿಳಿ. ಮೂವತ್ತೇಳು ವರ್ಷದ ಚಲಪತಿಗೆ ಆ ಮೂರು ದಿನಗಳಲ್ಲಿ ಗಣಿ ಮುಚ್ಚುವುದು ಒಂದು ಸಲವೂ ನೆನಪಾಗಲಿಲ್ಲ. ಆಮೇಲೆ ಎಷ್ಟೋ ವರ್ಷ ಅವನಿಗೆ ಇದೇ ಆಶ್ಚರ್ಯವಾಗಿತ್ತು.

ಮಂಜಿನಲ್ಲಿ ಒಬ್ಬರಿಗೊಬ್ಬರು ತಪ್ಪಿಹೋಗದಿರಲು ಹಳೆಯ ನಿಯಮವೇ ಒದಗಿತು. ಮುಂದೆ ಚಲಪತಿ, ಹಿಂದೆ ಕದಿರಪ್ಪ. ನೂರು ಸಲ ಪೆಡಲು ತುಳಿದರೆ ಚಲಪತಿ ಒಂದು ಅಂಕಿ ಕೂಗುವುದು, ಕದಿರಪ್ಪ ಅದನ್ನು ತಿರುಗಿ ಕೂಗುವುದು.

ಮೂರನೇ ದಿನ ಬೆಳಿಗ್ಗೆ ಆರು ಐವತ್ತಕ್ಕೆ ಚಲಪತಿ "ನಲವತ್ತೊಂದು" ಎಂದ. ಹಿಂದಿನ ದಿನದ ಥಂಡಿಗೆ ಅವನ ಗಂಟಲು ಕಟ್ಟಿತ್ತು. ಅದೇ ಹೊತ್ತಿಗೆ ಹಿಂದೆ ಕದಿರಪ್ಪನ ಕ್ಯಾರಿಯರಿನ ಹಗ್ಗ ಸಡಿಲಗೊಂಡು ರಾಗಿಹಿಟ್ಟಿನ ಚೀಲ ಕೆಳಗೆ ಬಿದ್ದಿತ್ತು. ಅವನು ಇಳಿದು ಅದನ್ನು ಎತ್ತಿ ಕಟ್ಟುತ್ತಿದ್ದ. ಕಲ್ಲು ಕೊರೆಯುವ ಯಂತ್ರಗಳ ಪಕ್ಕ ವರ್ಷಾನುಗಟ್ಟಲೆ ನಿಂತು ಅವನ ಎಡಗಿವಿ ಅರ್ಧ ಹೋಗಿತ್ತು. ಚೆನ್ನಾಗಿದ್ದ ಬಲಗಿವಿ ಸಮುದ್ರದ ಕಡೆಗಿತ್ತು, ಅದರ ತುಂಬ ಅಲೆಯ ಸದ್ದು. ನಲವತ್ತೊಂದು ಅವನಿಗೆ ಕೇಳಲಿಲ್ಲ.

ಚಲಪತಿಗೆ ಉತ್ತರ ಬರಲಿಲ್ಲ. ನಿಯಮದಂತೆ ನಿಂತ.

ಕದಿರಪ್ಪ ಚೀಲ ಕಟ್ಟಿ ಮುಗಿಸಿದ. ಮುಂದಿನ ಕೂಗು ಬರಲಿಲ್ಲ. ಕೂಗು ಬರುವ ತನಕ ಸೊನ್ನೆ ಹಿಡಿದವನು ಕದಲಬಾರದು. ನಿಯಮದಂತೆ ಅವನೂ ನಿಂತ.

ಬೇರೆ ಯಾರೇ ಆಗಿದ್ದರೂ ನಾಲ್ಕು ಹೆಜ್ಜೆ ಮುಂದೆಯೋ ಹಿಂದೆಯೋ ಹೋಗಿ ನೋಡುತ್ತಿದ್ದರು. ಇವರು ಹೋಗಲಿಲ್ಲ. ಚಲಪತಿ ಕಟ್ಟಿದ ಗಂಟಲಲ್ಲಿ ಕೂಗಿ ಕೂಗಿ ದನಿ ಪೂರ್ತಿ ಕಳೆದುಕೊಂಡ. ಕದಿರಪ್ಪನ ಕೂಗನ್ನು ಅಲೆಗಳು ನುಂಗಿದವು. ಏಳೂವರೆಯಾಯಿತು, ಎಂಟಾಯಿತು. ಸಮುದ್ರ ಅವನನ್ನು ಎಳೆದುಕೊಂಡಿತೆಂದೇ ಚಲಪತಿ ತಿಳಿದ. ಅನಸೂಯಮ್ಮನಿಗೆ ಏನು ಹೇಳಬೇಕೆಂದು ಒಂದೊಂದೇ ಮಾತು ಜೋಡಿಸಿದ. ಕಣ್ಣೀರು ಬಂತು, ಕಾಲು ಕದಲಿಸಲಿಲ್ಲ. ತಾನು ಇಲ್ಲಿಂದ ಹೋದರೆ, ಕದಿರಣ್ಣ ಬಂದಾಗ ಇಲ್ಲಿ ಯಾರೂ ಇರುವುದಿಲ್ಲವಲ್ಲ.

ಒಂಬತ್ತು ಮೂವತ್ತೈದಕ್ಕೆ ಮಂಜು ಎದ್ದಿತು. ನಡುವೆ ಎರಡು ದೋಣಿ, ಒಂದು ಬಲೆಯ ರಾಶಿ. ಆಚೆ ಬದಿಯಲ್ಲಿ ಕದಿರಪ್ಪ ಸೈಕಲ್ಲಿನ ಹ್ಯಾಂಡಲ್ ಹಿಡಿದು ಕಂಬದ ಹಾಗೆ ನಿಂತಿದ್ದ.

ಬಲೆ ಬಿಡಿಸಲು ಬಂದಿದ್ದ ಒಬ್ಬ ಮುದುಕಿ ಇವನನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿ, "ಏಮಯ್ಯಾ, ಇದ್ದರೂ ಕೊಂಗಲ್ಲಾಗಾ ನಿಲಬಡ್ಡಾರು!" ಎಂದಳು. ಇಬ್ಬರೂ ಕೊಕ್ಕರೆಗಳ ಹಾಗೆ ನಿಂತಿದ್ದೀರಲ್ಲ ಎಂದು.

"ಯಾಕ್ಲಾ ನಿಂತೆ?" ಎಂದು ಕದಿರಪ್ಪ ಸೈಕಲ್ ಅಲ್ಲೇ ನಿಲ್ಲಿಸಿ, ಹತ್ತಿರ ಬಂದು ಗದರಿದ.

"ಉತ್ರ ಬರ್ಲಿಲ್ಲ, ನಿಂತೆ. ನೀನ್ಯಾಕೆ ನಿಂತೆ?" ಎಂದ ಚಲಪತಿ, ಹೋದ ದನಿಯಲ್ಲಿ ಪಿಸುಗುಟ್ಟುತ್ತ.

"ನೀನು ಕೂಗ್ಲಿಲ್ಲ, ನಿಂತೆ."

"ಕೂಗ್ದೆ ಅಣ್ಣಾ! ನೀನು ಸತ್ತೋದೆ ಅಂತ ಅತ್ತೂ ಬಿಟ್ಟೆ."

"ನಾನು ಅಳ್ಲಿಲ್ಲ. ನಿನ್ ಸೈಕಲ್ಲು ಸೆಲ್ವಿಗೆ ಕೊಡೋದಾ, ನಾನೇ ಮಡಿಕ್ಕಳೋದಾ ಅಂತ ಯೋಚ್ನೆ ಮಾಡ್ತಿದ್ದೆ." ಹಾಗೆಂದವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಮಂಜಿಗೆ ಮುಖ ಒದ್ದೆಯಾಗಿತ್ತು ಎಂದು ಆಮೇಲೆ ಹೇಳಿದ.

"ಎರಡು ಗಂಟೆ ನಲವತ್ತೈದು ನಿಮಿಷ, ಇನ್ನೂರಡಿ ದೂರ್ದಲ್ಲಿ!" ಎಂದು ಚಲಪತಿ ತಲೆ ಚಚ್ಚಿಕೊಂಡ.

ಕದಿರಪ್ಪನ ಮುಖ ಗಂಭೀರವಾಯಿತು. "ಇನ್ನೂರಾ? ಅಳದ್ಯಾ?" ಚೀಲದಿಂದ ಟೇಪು ಹೊರತೆಗೆದ. "ಇಲ್ಲೇ ಸೊನ್ನೆ ಇಡ್ಕ. ಇವತ್ತು ಅಂಕಿ ನಾನೋದ್ತೀನಿ. ನಿನ್ನ ನಂಬಾಕಾಗಲ್ಲ."

ಟೇಪು ಒಂದು ಸಲ ಪೂರ್ತಿ ಹಿಡಿದು, ಮರಳಿನಲ್ಲಿ ಗೆರೆ ಎಳೆದು, ಎರಡನೇ ಸಲ ಹಿಡಿದರು. ಕದಿರಪ್ಪ ಸಮುದ್ರಕ್ಕೂ ಕೇಳುವಂತೆ ಕೂಗಿದ: "ನೂರ ಎಂಬತ್ತೇಳು!" ಚಲಪತಿಯ ಗಂಟಲಿನಿಂದ ಗಾಳಿ ಮಾತ್ರ ಬಂತು. ಆದರೂ ಕದಿರಪ್ಪ ಅವನ ತುಟಿ ನೋಡಿಕೊಂಡು, ಸರಿ ಎಂದು ತಲೆಯಾಡಿಸಿದ ಮೇಲೆಯೇ ಟೇಪು ಸುತ್ತಿದ್ದು.

ಮುಂದಿನ ತಿಂಗಳು ಗಣಿ ಮುಚ್ಚಿತು. ಆಮೇಲೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇಬ್ಬರೂ ಸುತ್ತಲಿನ ಹಳ್ಳಿಗಳಲ್ಲಿ ಖಾಸಗಿ ಸರ್ವೇಯರುಗಳ ಜೊತೆ ಹೊಲ, ಸೈಟು ಅಳೆಯುತ್ತ ಬದುಕಿದರು. ಮಧ್ಯಾಹ್ನ ಯಾರದೋ ಮಾವಿನ ಮರದ ಕೆಳಗೆ ಊಟಕ್ಕೆ ಕೂತಾಗ ಚಲಪತಿ ಸಮುದ್ರದ ಕಥೆ ತೆಗೆಯುತ್ತಿದ್ದ. ಕಥೆ ಮುಗಿಯುವುದು ಯಾವಾಗಲೂ ಹೀಗೆ: "ಆಮೇಲೆ ನೋಡಿದ್ರೆ ಇಬ್ರ ಮಧ್ಯೆ ಇದ್ದಿದ್ದು ಇನ್ನೂರೇ ಅಡಿ!" ಕದಿರಪ್ಪ ಬುತ್ತಿಯಿಂದ ತಲೆ ಎತ್ತದೆ "ನೂರ ಎಂಬತ್ತೇಳು" ಎನ್ನುತ್ತಿದ್ದ. ಕಥೆ ಕೇಳುವವರು ನಗುತ್ತಿದ್ದುದು ಅಲ್ಲಿ. ಮೊದಮೊದಲು ಚಲಪತಿ ಬಾಯಿತಪ್ಪಿ ಹಾಗೆ ಹೇಳುತ್ತಿದ್ದ. ಆಮೇಲಾಮೇಲೆ, ಆ ದನಿ ಬರಲೆಂದೇ ಹೇಳುತ್ತಿದ್ದ.

*

ಏಳು ಇಪ್ಪತ್ತೆಂಟಕ್ಕೆ ಚಲಪತಿ ಕದಿರಪ್ಪನ ಮನೆ ತಲುಪಿದ. ಹುಬ್ಬಿನ ಮೇಲೆಲ್ಲ ಮಂಜಿನ ಹನಿ. ಕೊಟ್ಟಿಗೆಯಲ್ಲಿ ಅನಸೂಯಮ್ಮ ಹಾಲು ಕರೆಯುತ್ತಿದ್ದಳು.

"ಏನಪ್ಪಾ, ನರೆ ಬಂದೈತಲ್ಲ ಹುಬ್ಬಿಗೆ," ಎಂದಳು. "ಓಗು, ಬೆಂಕಿ ಮುಂದೆ ಕೂತಿದಾರೆ. ನಿನ್ನೆಯಿಂದ ಬಾಗ್ಲು ನೋಡ್ತಾವ್ರೆ."

ಹಿಂದಿನ ವಾರ ಅನಸೂಯಮ್ಮ ಹೇಳಿದ ಒಂದು ಮಾತು ಚಲಪತಿಯ ನಿದ್ದೆ ಕೆಡಿಸಿತ್ತು. ಅವತ್ತು ಅವನು ಕದಿರಪ್ಪನ ಎದುರು ಕೂತು, ಅಂಕಿಗಳ ಪಾಠ ಮಾಡುತ್ತಿದ್ದ. ಐದಾದ ಮೇಲೆ ಎಷ್ಟಣ್ಣ? ಆರು, ಅಲ್ವಾ. ಆರಾದ ಮೇಲೆ? ಏಳು. ಎಲ್ಲಿ, ಏಳು ಅನ್ನು. ಕದಿರಪ್ಪನ ಬಾಯಿ ತೆರೆದು ಮುಚ್ಚುವುದನ್ನು ನೋಡಲಾರದೆ, ಉತ್ತರವನ್ನು ತಾನೇ ಕೊಟ್ಟುಬಿಡುತ್ತಿದ್ದ. ಕಸ ಗುಡಿಸುತ್ತಿದ್ದ ಅನಸೂಯಮ್ಮ ಪೊರಕೆ ನಿಲ್ಲಿಸಿ, "ನೀನೇ ಕೇಳ್ತೀಯ, ನೀನೇ ಏಳ್ತೀಯ. ಐದು ತಿಂಗಳಿಂದ ನೋಡ್ತಿದೀನಿ. ಅವ್ರಿಗೆಲ್ಲಪ್ಪಾ ಬಾಯಿ ತೆರೆಯಾಕೆ ಒತ್ತು?" ಎಂದಿದ್ದಳು.

ಚಲಪತಿ ಬೆಚ್ಚಿಬಿದ್ದಿದ್ದ. ಉತ್ತರ ಬರಾಗಂಟ ನಿಂತ್ಕಂಡಿರು. ನೀನೇ ಉತ್ರ ಏಳ್ಕಬ್ಯಾಡ. ಸಮುದ್ರದ ದಡದಲ್ಲಿ ಎರಡೂಮುಕ್ಕಾಲು ಗಂಟೆ ನಿಂತವನು, ಐದು ತಿಂಗಳಲ್ಲಿ ಒಂದು ನಿಮಿಷವೂ ನಿಂತಿರಲಿಲ್ಲ. ಕನಿಕರವೆಂದು ತಿಳಿದು ಮಾಡಿದ್ದು ಶುದ್ಧ ತಪ್ಪು ಅಳತೆಯಾಗಿತ್ತು.

ಅದಕ್ಕೇ ಇವತ್ತು ಟೇಪು.

ಕದಿರಪ್ಪನನ್ನು ಅಂಗಳದ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಟೇಪಿನ ತುದಿಯ ಹಿತ್ತಾಳೆ ಉಂಗುರವನ್ನು ಅವನ ಎಡಗೈಗೆ ಕೊಟ್ಟ. ಕದಿರಪ್ಪ ಉಂಗುರವನ್ನು ನೋಡಿದ, ಚಲಪತಿಯ ಮುಖ ನೋಡಿದ. "ಆಯ್ತು," ಎಂದ.

"ಸೊನ್ನೆ ನಿಂದು," ಎಂದ ಚಲಪತಿ.

ಹೆಜ್ಜೆ ಹಾಕುತ್ತ ಹಾಕುತ್ತ ಮಂಜಿನೊಳಗೆ ಹೋದ. ನಲವತ್ತು ಅಡಿಗೆ ಕುರ್ಚಿ ಮಸುಕಾಯಿತು, ಅರವತ್ತಕ್ಕೆ ಕಾಣದಾಯಿತು. ಅಲ್ಲಿ, ಅಂಗಳದ ಬೇಲಿಯ ಪಕ್ಕ ನಿಂತು, ಟೇಪು ಬಿಗಿಹಿಡಿದು ಕೂಗಿದ: "ಅರವತ್ತು!"

ಉತ್ತರವಿಲ್ಲ. ಹಸು ಒಮ್ಮೆ ಮೂಗು ಊದಿತು. ಚಲಪತಿ ಗಡಿಯಾರ ನೋಡಿಕೊಂಡ: ಏಳು ನಲವತ್ತೆರಡು.

ಏಳು ಐವ‌ತ್ತಕ್ಕೆ, "ಆಯ್ತು," ಎಂಬ ದನಿ ಬಂತು. ಅದು ಅಂಕಿಯಲ್ಲ. ತಪ್ಪು ಉತ್ತರವೂ ಉತ್ತರ ಬಾರದ ಲೆಕ್ಕವೇ. ಚಲಪತಿ ಕದಲಲಿಲ್ಲ.

ಎಂಟು ಗಂಟೆಗೆ ಅನಸೂಯಮ್ಮ ಲೋಟ ಹಿಡಿದು ಮಂಜಿನಿಂದ ಹೊರಬಂದಳು. "ಇದೇನ್ ಆಟ? ಕಾಪಿ ಆರೋಗ್ತೈತೆ. ಅವ್ರು ಅದನ್ನ ಬಿಗಿಯಾಗಿ ಇಡ್ಕಂಡಿದಾರೆ, ಬಿಡಿಸಾಕೋದ್ರೆ ಬಿಡ್ತಿಲ್ಲ."

"ಬಿಡ್ತಿಲ್ವಾ?"

"ಇಲ್ಲ. ನನ್ನೇ ಗುರಾಯಿಸ್ತಾರೆ."

ಚಲಪತಿಗೆ ಎದೆಯೊಳಗೆ ಏನೋ ಹಗುರವಾಯಿತು. "ಅಂಗಾದ್ರೆ ಅವ್ರಿಗೆ ನಿಯಮ ಗ್ಯಾಪ್ಕ ಐತೆ ಅತ್ತಿಗೆ. ನೀವು ಓಗಿ. ಕಾಪಿ ಅಲ್ಲೇ ಕಲ್ ಮೇಲಿಡಿ."

"ಎಷ್ಟೊತ್ತು ನಿಲ್ತೀಯ?"

"ಒಂದ್ಸಲ ಎರಡು ಗಂಟೆ ನಲವತ್ತೈದು ನಿಮಿಷ ನಿಂತಿದ್ದೆ. ಅಲ್ಲೀಗಂಟ ಅಭ್ಯಾಸ ಐತೆ."

ಅವಳು ಲೋಟವನ್ನು ಕಲ್ಲಿನ ಮೇಲಿಟ್ಟು, ಏನೋ ಗೊಣಗಿಕೊಂಡು ಹೋದಳು. ದೂರ ಹೋಗಲಿಲ್ಲ, ಕೊಟ್ಟಿಗೆಯ ಬಾಗಿಲಲ್ಲಿ ಅವಳ ಬಳೆಯ ಸದ್ದು ನಿಂತಿತು.

ಎಂಟು ಹತ್ತು. ಚಲಪತಿಯ ಮಂಡಿ ನೋಯತೊಡಗಿತು. ಸುಮ್ಮನೆ ನಿಲ್ಲಲು ಆಗದೆ, ಮಂಜಿನ ಕಡೆಗೆ ಮುಖ ಮಾಡಿ ಹಳೆಯ ಕಥೆ ತೆಗೆದ. ಕೇಳುವವನಿಗೆ ಪಾಠವೆಂದಲ್ಲ, ಮಾವಿನ ಮರದ ಕೆಳಗೆ ಹೇಳುತ್ತಿದ್ದ ಹಾಗೇ. ಘಾಟಿಯ ಬ್ರೇಕು ಹೇಳಿದ. ಟೇಪಿನ ಮೇಲೆ ಒಣಗಿದ ಚಡ್ಡಿ ಹೇಳಿದ. ಕೊಟ್ಟಿಗೆಯ ಬಾಗಿಲಲ್ಲಿ ಬಳೆ ನಕ್ಕಿತು. ಒಂದು ಕಡೆ ನಿಲ್ಲದ ಸೊನ್ನೆ, ಗಾಳಿಮರ, ಮೀನಿನ ಪುಲುಸು, ನಲವತ್ತೊಂದು, ಬಿದ್ದ ಚೀಲ, ಕೊಕ್ಕರೆ ಎಂದ ಮುದುಕಿ. ಇಪ್ಪತ್ತೈದು ವರ್ಷಗಳಲ್ಲಿ ಎಷ್ಟು ಸಲ ಹೇಳಿದ್ದನೋ, ಮಾತು ತಾನೇ ತಾನಾಗಿ ಉರುಳುತ್ತ ಹೋಯಿತು. ಕೊನೆಗೆ ಬಂದಾಗ, ತಾನು ಏನು ಹೇಳುತ್ತಿದ್ದೇನೆಂಬ ಪರಿವೆಯೂ ಇಲ್ಲದೆ, ಅಭ್ಯಾಸಬಲದಿಂದ ಹೇಳಿದ:

"ಆಮೇಲೆ ನೋಡಿದ್ರೆ ಇಬ್ರ ಮಧ್ಯೆ ಇದ್ದಿದ್ದು ಇನ್ನೂರೇ ಅಡಿ!"

ಹೇಳಿ ನಿಲ್ಲಿಸಿದ. ಮುಂದಿನ ಮಾತು ಅವನದಲ್ಲ. ಆ ಜಾಗ ಐದು ತಿಂಗಳಿಂದ ಖಾಲಿ ಇತ್ತು.

ಟೇಪು ಕೈಯಲ್ಲಿ ಅಲುಗಿತು. ಸಡಿಲವಾಗಿದ್ದದ್ದು ಮೆಲ್ಲಗೆ ಬಿಗಿಯಾಯಿತು. ಆಚೆಯಿಂದ ಯಾರೋ ಎಳೆಯುತ್ತಿದ್ದರು, ಅಂಕಿ ತಪ್ಪಾದಾಗ ಗಣಿಯೊಳಗೆ ಎಳೆಯುತ್ತಿದ್ದ ಹಾಗೆ, ಸಿಟ್ಟಿನಿಂದ.

"ಆ..." ಎಂದಿತು ದನಿ. ಮತ್ತೆ ನಿಂತಿತು. ಮತ್ತೆ ಬಂತು. "ಎಂಬ... ಎಂಬತ್ತೇಳು."

ಬಾಗಿಲಲ್ಲಿ ಹಾಲಿನ ಪಾತ್ರೆ ಠಣ್ಣೆಂದಿತು.

ಚಲಪತಿಯ ಬಾಯಿಗೆ ನೂರು ಬಂದೇಬಿಟ್ಟಿತ್ತು. ತುಟಿ ಕಚ್ಚಿಕೊಂಡ. ಟೇಪು ಬಿಡಲಿಲ್ಲ, ಹೆಜ್ಜೆ ಎತ್ತಲಿಲ್ಲ. ಕಲ್ಲಿನ ಮೇಲೆ ಕಾಪಿ ಆರಿ ಕೆನೆ ಕಟ್ಟಿತ್ತು. ಬೇಲಿಯ ಎಲೆಗಳಿಂದ ಹನಿಗಳು ಬೀಳುತ್ತಿದ್ದವು. ಅವನು ಎಣಿಸತೊಡಗಿದ, ಇಪ್ಪತ್ತೊಂಬತ್ತನೇ ಹನಿಗೆ ಟೇಪು ಇನ್ನೊಮ್ಮೆ ಬಿಗಿಯಾಯಿತು, ಮತ್ತು ಮಂಜಿನೊಳಗಿಂದ ಆ ದನಿ, ನಿಧಾನವಾಗಿ, ಬುತ್ತಿಯಿಂದ ತಲೆ ಎತ್ತದೆ ಹೇಳುವ ಹಾಗೆ, ಸಮುದ್ರದ ದಡದಲ್ಲಿ ಒಂದು ಸಲ ಕೂಗಿದ್ದ ಅಂಕಿಯನ್ನೇ ಪೂರ್ತಿಯಾಗಿ ಹೇಳಿತು:

"ನೂರ ಎಂಬತ್ತೇಳು."